3 ಲಕ್ಷದ ಆಂಪ್ಲಿಫೈಯರ್ ಬೇಕಾ? ರಿಪೇರಿಯವರನ್ನು ಕೇಳಿ

(ಉತ್ತರ ಕೊಡುವವರು: ವಿನಾಯಕ, ಕುಮಟಾ. ಆಡಿಯೋ ರಿಪೇರಿ, ಯಕ್ಷಗಾನದ ಆಟಗಳಿಗೆ ಮೈಕ್ ಸೆಟ್)

ಶ್ರೀಪಾದ, ಶಿರಸಿ: ವಿನಾಯಕಣ್ಣ, ಈ ಸಲ ಅಡಿಕೆಯ ದುಡ್ಡು ಕೈಗೆ ಬಂದಿದೆ. ಬೆಂಗಳೂರಿನ ಅಂಗಡಿಯಲ್ಲಿ 3 ಲಕ್ಷದ ಆಂಪ್ಲಿಫೈಯರ್ ಕೇಳಿಸಿದರು. ಮೈ ಜುಮ್ ಎಂದಿತು. ನಾನು ಕೇಳುವುದು ಹಿಂದುಸ್ತಾನಿ, ತಾಳಮದ್ದಲೆ. ಹಾಲ್ 14 ಅಡಿಗೆ 12. ತಗೊಳ್ಳಲಾ?

ವಿನಾಯಕ: ಬೇಡ. ನೀವು ಕೇಳಿದ್ದು ಆಂಪ್ಲಿಫೈಯರ್ ಒಂದನ್ನೇ ಅಲ್ಲ, ಆ ಕೋಣೆಯನ್ನೂ ಕೇಳಿದ್ದೀರಿ. ಅಂಥ ಅಂಗಡಿಗಳಲ್ಲಿ ಗೋಡೆಗೆ ಪರದೆ, ನೆಲಕ್ಕೆ ದಪ್ಪ ಜಮಖಾನ ಇರುತ್ತದೆ. ನಿಮ್ಮಲ್ಲಿ ಟೈಲ್ಸ್ ನೆಲ ಇದ್ದರೆ ಅದೇ ಸೆಟ್ ಕಿರುಚುತ್ತದೆ. ದುಡ್ಡಿನ ದೊಡ್ಡ ಪಾಲು ಸ್ಪೀಕರಿಗೆ ಹಾಕಿ. ಗೋಡೆಯಿಂದ ಎರಡಡಿ ಮುಂದೆ ಇಡಿ. ನಿಮಗೆ ಗೊತ್ತಿರುವ ತಾಳಮದ್ದಲೆಯ ರೆಕಾರ್ಡಿಂಗ್ ಒಯ್ದು ಕೇಳಿ. ಚೆಂಡೆ, ಮದ್ದಳೆ, ಭಾಗವತರ ದನಿ ಒಂದರ ಮೇಲೊಂದು ಬೀಳದೆ ಬೇರೆ ಬೇರೆ ಕೇಳಬೇಕು. ವ್ಯಾಟ್ ನೋಡಿ ಮರುಳಾಗಬೇಡಿ. 50 ವ್ಯಾಟ್ ಇದ್ದದ್ದು 100 ಆದರೆ 3 ಡೆಸಿಬೆಲ್ ಜಾಸ್ತಿ, ಅಷ್ಟೇ. ಕಿವಿಗೆ ಸದ್ದು ದುಪ್ಪಟ್ಟು ಅನ್ನಿಸಲು ಸುಮಾರು 10 ಪಟ್ಟು ವ್ಯಾಟ್ ಬೇಕು.

ಸುರೇಶ, ಕಾರವಾರ: ಸ್ಪೀಕರ್ ವಯರ್‌ಗೆ 40 ಸಾವಿರ ಹೇಳುತ್ತಿದ್ದಾರೆ. ವ್ಯತ್ಯಾಸ ಇದೆಯಾ?

ವಿನಾಯಕ: 5 ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರ್ ತಾಮ್ರದ ವಯರ್ ಸಾಕು. ಹೋಗಿ ಬರುವ ಎರಡೂ ಎಳೆ ಸೇರಿ ರೆಸಿಸ್ಟೆನ್ಸ್ 0.07 ಓಮ್ ಆಗುತ್ತದೆ. ಸ್ಪೀಕರ್ 8 ಓಮ್, ಅದರ ಮುಂದೆ ಇದು ಲೆಕ್ಕಕ್ಕಿಲ್ಲ. ನಿಮಗೆ ತೊಂದರೆ ಕೊಡುವುದು ಸಮುದ್ರದ ಉಪ್ಪು ಗಾಳಿ. ತುದಿ ಹಸಿರು ಹಿಡಿದರೆ ಅಷ್ಟು ಕತ್ತರಿಸಿ, ಹೊಸದಾಗಿ ಸುಲಿದು ಬಿಗಿ ಮಾಡಿ.

ರಜಾಕ್, ಭಟ್ಕಳ: ಹಳೆ ಟೇಪ್ ರೆಕಾರ್ಡರಿನ ಬೆಲ್ಟ್ ಎಲ್ಲಿ ಸಿಗುತ್ತದೆ?

ನಾಗರಾಜ, ಅಂಕೋಲಾ: ನನ್ನದು 2 ಲಕ್ಷದ ಸೆಟ್. ತಂದ ದಿನದಿಂದ ಗುಂಯ್ ಅನ್ನುತ್ತಿತ್ತು. ಒಂದು ಮೆಸೇಜ್ ಬಂತು, ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸಿ ಅಂತ. ಕತ್ತರಿಸಿದೆ, ಸದ್ದು ನಿಂತಿತು. ಎಲ್ಲರೂ ಮಾಡಬಹುದು. ಬರಿಗಾಲಲ್ಲಿ ಮುಟ್ಟಿದರೆ ಸ್ವಲ್ಪ ಜುಂ ಅನ್ನುತ್ತದೆ, ಅದೇನು ತೊಂದರೆ ಇಲ್ಲ.

ವಿನಾಯಕ: ನಾಗರಾಜರೇ, ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತಿಡಿ. ಆಮೇಲೆ ಮುಂದೆ ಓದಿ.

ಆ ಪಿನ್ ಆಂಪ್ಲಿಫೈಯರಿನ ಲೋಹದ ಮೈಗೆ ಸೇರಿರುತ್ತದೆ. ಒಳಗೆ ಕರೆಂಟಿನ ತಂತಿ ಎಲ್ಲಾದರೂ ಮೈಗೆ ತಾಗಿದರೆ ಕರೆಂಟು ಅರ್ಥಿಗೆ ಹರಿದು ಫ್ಯೂಸ್ ಹೋಗುತ್ತದೆ. ಪಿನ್ ಇಲ್ಲದಿದ್ದರೆ ಫ್ಯೂಸ್ ಹೋಗುವುದಿಲ್ಲ. 230 ವೋಲ್ಟ್ ಆ ಡಬ್ಬಿಯ ಮೈಮೇಲೇ ಕೂತಿರುತ್ತದೆ. ಮುಟ್ಟಿದವರೇ ಅದಕ್ಕೆ ದಾರಿ. ನಿಮಗೆ ಈಗಲೇ ಜುಂ ಅನ್ನುತ್ತಿದೆ ಎಂದರೆ ಲೀಕೇಜ್ ಇದೆ. ಎಷ್ಟಿದೆ ಅಂತ ಮೀಟರ್ ಇಡದೆ ಯಾರೂ ಹೇಳಲಾರರು. ಮಳೆಗಾಲದ ಒದ್ದೆ ನೆಲದಲ್ಲಿ ಇದು ಜೀವ ತೆಗೆಯಬಹುದು.

ಗುಂಯ್ ಸದ್ದಿನ ಕಾರಣ ಹೆಚ್ಚಾಗಿ ಬೇರೆ. ಟಿವಿ ಒಂದು ಬೋರ್ಡಿನಲ್ಲಿ, ಆಂಪ್ಲಿಫೈಯರ್ ಇನ್ನೊಂದರಲ್ಲಿ, ಡಿಶ್ ವಯರ್ ಮಾಡಿನಿಂದ. ಮೂರೂ ಬೇರೆ ಬೇರೆ ದಾರಿಯಲ್ಲಿ ಅರ್ಥಿಗೆ ಸೇರಿದರೆ ನಡುವೆ ಒಂದು ಸುತ್ತು ಆಗುತ್ತದೆ. ಅದರಲ್ಲಿ 50 ಹರ್ಟ್ಸ್ ಕರೆಂಟು ಹರಿದು ಸ್ಪೀಕರಿನಲ್ಲಿ ಕೇಳುತ್ತದೆ. ಹೊಸ ಪ್ಲಗ್ ಹಾಕಿಸಿ, ಲೀಕೇಜ್ ನೋಡಿಸಿ. ಆಮೇಲೆ ಡಿಶ್ ವಯರ್ ತೆಗೆದು ಕೇಳಿ. ಸದ್ದು ನಿಂತರೆ ಆ ವಯರಿಗೆ ಐಸೋಲೇಟರ್ (ಆ ಸುತ್ತನ್ನು ಕಡಿಯುವ ಚಿಕ್ಕ ಸಾಧನ) ಹಾಕಿ, ಎಲ್ಲವನ್ನೂ ಒಂದೇ ಬೋರ್ಡಿಗೆ ತನ್ನಿ. ಮನೆಯ ಅರ್ಥಿಂಗ್ ಗುಂಡಿಯನ್ನೂ ನೋಡಿಸಿ. ನಮ್ಮ ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ಥ್ ಸರಿಯಾಗಿ ಸಿಗುವುದಿಲ್ಲ. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಹಾಕಿಸಿ. 2 ಲಕ್ಷ ಕೊಟ್ಟವರು ಇದಕ್ಕೆ ಹಿಂದೆ ಮುಂದೆ ನೋಡಬೇಡಿ.

ಮಂಜು, ಹೊನ್ನಾವರ: ತೇವ ಹೋಗಲು ಆಂಪ್ಲಿಫೈಯರ್ ಒಳಗೆ ಕರ್ಪೂರ ಇಡಬೇಕಂತೆ. ನಮ್ಮ ಗ್ರೂಪಿನಲ್ಲಿ ಬಂದಿತ್ತು.

ವಿನಾಯಕ: ಬೆಂಕಿ ಹಿಡಿಯುವ ವಸ್ತುವನ್ನು ಬಿಸಿಯಾಗುವ ಡಬ್ಬಿಯೊಳಗೆ ಇಡಬೇಡಿ. ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿ, ಸಾಕು.

ಅನಂತ, ಕುಮಟಾ: ಏನೇ ಹೇಳಿ, ಎಲ್‌ಪಿ ತಟ್ಟೆಯ ಸುಖ ಸಿಡಿಗೆ ಇಲ್ಲ. ಸಿಡಿಯಲ್ಲಿ ದನಿಯನ್ನು ಚೂರು ಚೂರು ಮಾಡಿ ಜೋಡಿಸುತ್ತಾರೆ.

ಶ್ರೀಪಾದ: ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ ಭಾವ. 20 ಕಿಲೋಹರ್ಟ್ಸ್‌ವರೆಗೆ ಪೂರ್ತಿ ಬರುತ್ತದೆ. ಕಿವಿಗೆ ಅದಕ್ಕಿಂತ ಮೇಲೆ ಕೇಳುವುದಿಲ್ಲ.

ಅನಂತ: ಲೆಕ್ಕ ಬೇಡ. ನಾನು 30 ವರ್ಷ ಕೇಳಿದ್ದೇನೆ.

ಶ್ರೀಪಾದ: ವಯಸ್ಸಾದ ಹಾಗೆ ಮೇಲಿನ ಸದ್ದು ಕೇಳುವುದೇ ಕಡಿಮೆ ಆಗುತ್ತದೆ. ನಿಮ್ಮ ಕಿವಿ ಪರೀಕ್ಷೆ ಮಾಡಿಸಿ.

ಅನಂತ: ಮರ್ಯಾದೆ ಇಟ್ಟು ಮಾತಾಡು ಮಾರಾಯ. 3 ಲಕ್ಷಕ್ಕೆ ಬಾಯಿ ಬಿಟ್ಟವನು ನೀನು. ವಿನಾಯಕರೂ ರಿಪೇರಿಯವರು, ಅಂಥ ಸೆಟ್ ಕೂತು ಕೇಳಿದ್ದಾರಾ?

ವಿನಾಯಕ: ಕೇಳಿದ್ದೇನೆ, ಬಿಚ್ಚಿಯೂ ನೋಡಿದ್ದೇನೆ. ಎರಡು ಆಂಪ್ಲಿಫೈಯರಿನ ಸದ್ದನ್ನು ಮೀಟರಿನಲ್ಲಿ ಸಮ ಮಾಡಿ, ಹೆಸರು ಮುಚ್ಚಿ ಕೇಳಿಸಿದಾಗ ಗುರುತಿಸಲು ಬಹಳ ಕಷ್ಟ. ಒಂದು ಚೂರು ಜೋರಾಗಿದ್ದರೆ ಅದೇ ಚಂದ ಕೇಳುತ್ತದೆ. ಎಲ್‌ಪಿ ಇಷ್ಟ ಆದರೆ ಕೇಳಿ, ಅದು ನಿಮ್ಮ ಖುಷಿ. ಇಲ್ಲಿ ಜಗಳ ಬೇಡ.

ಗೀತಾ, ಯಲ್ಲಾಪುರ: ದುಬಾರಿ ಸ್ಪೀಕರ್ ವಯರ್ ತಗೊಳ್ಳಬಹುದಾ?

ವಿನಾಯಕ: ಮೇಲೆ ಬರೆದಿದ್ದೇನೆ.

ಮಂಜು: ಕರ್ಪೂರ ಬೇಡ ಅಂದರೆ ಅಕ್ಕಿ ಪೊಟ್ಟಣ?

ವಿನಾಯಕ: ಬೇಡ. ಹುಳ ಬರುತ್ತದೆ. ಫಾರ್ವರ್ಡ್ ಬಂದದ್ದನ್ನೆಲ್ಲ ಇಲ್ಲಿ ತಂದು ಹಾಕಬೇಡಿ.

ರಜಾಕ್: ಬೆಲ್ಟ್ ವಿಷಯ ಯಾರೂ ಹೇಳಲಿಲ್ಲ.

ನಾಗರಾಜ: ಪ್ಲಗ್ ಕಿತ್ತಿಟ್ಟೆ. ನಾಳೆ ಎಲೆಕ್ಟ್ರಿಷಿಯನ್ ಬರುತ್ತಾನೆ. ಮೊಮ್ಮಗಳು ದಿನಾ ಅದಕ್ಕೆ ಒರಗಿ ಕೂರುತ್ತಿದ್ದಳು. ಆ ಮೆಸೇಜನ್ನು ನಾನು ಇನ್ನೂ ಮೂರು ಗ್ರೂಪಿಗೆ ಕಳಿಸಿದ್ದೇನೆ.

ವಿನಾಯಕ: ಮೂರೂ ಕಡೆ ಅದು ತಪ್ಪು ಅಂತ ಬರೆಯಿರಿ. ಇವತ್ತೇ ಬರೆಯಿರಿ.