ಡೆಲವೇರ್ ನದಿಯವರು ಗ್ಯಾಸ್ ಡ್ರಿಲ್ಲಿಂಗ್ ತಡೆದದ್ದು ಹೇಗೆ? ಕಾಗಿಣಾ, ಭೀಮಾ ದಂಡೆಯವರು ಅದರಿಂದ ಏನು ಕಲಿಯಬಹುದು?

ಕಾಗಿಣಾ ಟೀಚರ್, ಸೇಡಂ

ಎಲ್ಲರಿಗೂ ನಮಸ್ಕಾರ. ನಾನು ಸೇಡಂ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಈ ವರ್ಷ ಒಂಬತ್ತನೇ ತರಗತಿ ಮಕ್ಕಳ ಜೊತೆ ಕಾಗಿಣಾ ಹೊಳೆಯ ಜಲಾನಯನ ನಕ್ಷೆ ಬಿಡಿಸುತ್ತಿದ್ದೇವೆ. ಹೊಳೆ ತೆಲಂಗಾಣದ ತಾಂಡೂರು ಕಡೆಯಿಂದ ಬರುತ್ತದೆ, ಮಳಖೇಡ ಕೋಟೆಯ ಪಕ್ಕ ಹಾಯ್ದು, ಶಹಾಬಾದ್ ಕಡೆ ಹೋಗಿ ಭೀಮಾ ಸೇರುತ್ತದೆ. ಯಾವ ಊರಿನ ಹಳ್ಳ ಎಲ್ಲಿ ಕೂಡುತ್ತದೆ, ಯಾವ ಹೊಲದ ನೀರು ಯಾವ ಕಡೆ ಇಳಿಯುತ್ತದೆ ಅಂತ ಮಕ್ಕಳೇ ಮನೆಯ ಹಿರಿಯರನ್ನು ಕೇಳಿಕೊಂಡು ಬರುತ್ತಾರೆ.

ಇದಕ್ಕಾಗಿ ಓದುವಾಗ ಎರಡು ವಿಷಯ ಸಿಕ್ಕವು. ತೈಲ ಮತ್ತು ಅನಿಲ ಹುಡುಕಲು ದೇಶದಲ್ಲಿ 26 ಸೀಮೆಗಳನ್ನು ಗುರುತಿಸಿದ್ದಾರೆ. ಆ ಪಟ್ಟಿಯಲ್ಲಿ ‘ಭೀಮಾ–ಕಲಾದಗಿ’ ಅಂತ ನಮ್ಮದೂ ಇದೆ. ಇರುವುದು ಕೊನೆಯ ದರ್ಜೆಯಲ್ಲಿ. ಹಾಗಾಗಿ ನಾಳೆ ಬೆಳಗ್ಗೆ ರಿಗ್ ಬಂದು ನಿಲ್ಲುತ್ತದೆ ಅಂತ ನಾನು ಯಾರನ್ನೂ ಹೆದರಿಸುತ್ತಿಲ್ಲ. ಇನ್ನೊಂದು, ಅಮೆರಿಕದ ಡೆಲವೇರ್ ನದಿಯ ಇಡೀ ಜಲಾನಯನದಲ್ಲಿ ನೆಲ ಸೀಳಿ ಗ್ಯಾಸ್ ತೆಗೆಯುವುದನ್ನು, ಅಂದರೆ ಫ್ರಾಕಿಂಗ್ ಅನ್ನು, 2021ರ ಫೆಬ್ರವರಿ 25ರಂದು ನಿಷೇಧಿಸಿದರು. ಅದರ ಹಿಂದೆ ಹತ್ತು ವರ್ಷಕ್ಕೂ ಜಾಸ್ತಿ ಜನರ ಹೋರಾಟ ಇತ್ತು.

ಊರಲ್ಲಿ ಈ ಮಾತು ಎತ್ತಿದರೆ ಹಿರಿಯರು, “ಇಲ್ಲಿ ಇನ್ನೂ ಏನೂ ಆಗಿಲ್ಲ, ಈಗಲೇ ಯಾಕೆ ಸುಮ್ನೆ ಗದ್ದಲ?” ಅನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಆದ ಮೇಲೆ ಗದ್ದಲ ಮಾಡಿ ಉಪಯೋಗ ಏನು ಅಂತಲೂ ಅನಿಸುತ್ತದೆ. ಆ ನದಿಯವರು ಗೆದ್ದದ್ದು ಹೇಗೆ? ಅದರಲ್ಲಿ ನಮ್ಮ ಕಡೆ ನಡೆಯುವಂಥದ್ದು ಯಾವುದು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಆಳಂದದವ, ಈಗ ನ್ಯೂಜೆರ್ಸಿ

ಅಕ್ಕೋರೆ, ನಿಮ್ಮ ಪ್ರಶ್ನೆ ನೋಡಿ ಕೈಯಲ್ಲಿದ್ದ ಕೆಲಸ ಬಿಟ್ಟು ಬರೆಯುತ್ತಿದ್ದೇನೆ. ನಾನು ಆಳಂದ ತಾಲ್ಲೂಕಿನವನು. ಗಾಣಗಾಪುರದಲ್ಲಿ ಭೀಮಾ ಸೇರುವ ಅಮರ್ಜಾ ಹೊಳೆ ನಮ್ಮದು. ಈಗ ಇರುವುದು ಟ್ರೆಂಟನ್ ಪಕ್ಕ. ನಮ್ಮ ಮನೆಯ ನಲ್ಲಿಗೆ ಬರುವುದು ಡೆಲವೇರ್ ನೀರೇ.

ನದಿ ನ್ಯೂಯಾರ್ಕ್ ರಾಜ್ಯದ ಗುಡ್ಡಗಳಲ್ಲಿ ಹುಟ್ಟಿ, ಪೆನ್ಸಿಲ್ವೇನಿಯಾ ಮತ್ತು ನ್ಯೂಜೆರ್ಸಿ ನಡುವೆ ಹರಿದು, ಡೆಲವೇರ್ ರಾಜ್ಯದ ಹತ್ತಿರ ಸಮುದ್ರ ಸೇರುತ್ತದೆ. ಸುಮಾರು 530 ಕಿಲೋಮೀಟರ್. 1.3 ಕೋಟಿಗೂ ಜಾಸ್ತಿ ಜನ ಇದರ ನೀರು ಕುಡಿಯುತ್ತಾರೆ. ನ್ಯೂಯಾರ್ಕ್ ನಗರಕ್ಕೆ ಬೇಕಾದ ನೀರಿನಲ್ಲಿ ಅರ್ಧದಷ್ಟು ಇದರ ಮೇಲ್ಭಾಗದ ಜಲಾಶಯಗಳದ್ದು. ಆ ಮೇಲ್ಭಾಗದ ನೆಲದಡಿಯೇ ಮಾರ್ಸೆಲ್ಲಸ್ ಅನ್ನುವ ಶೇಲ್ ಪದರ, ಅಂದರೆ ಜೇಡಿ ಗಟ್ಟಿಯಾಗಿ ಆದ ಕಲ್ಲಿನ ಪದರ ಇದೆ. ಗ್ಯಾಸ್ ಇರುವುದು ಅದರೊಳಗೆ.

ತೆಗೆಯುವ ವಿಧಾನ ಹೀಗೆ. ಒಂದೂವರೆ, ಎರಡು ಕಿಲೋಮೀಟರ್ ನೆಟ್ಟಗೆ ಕೊರೆಯುತ್ತಾರೆ. ಆಮೇಲೆ ಅಡ್ಡ ತಿರುಗಿಸಿ ಪದರದೊಳಗೇ ಕೊರೆಯುತ್ತಾರೆ. ನೀರು, ಮರಳು, ರಾಸಾಯನಿಕ ಸೇರಿಸಿ ಭಾರಿ ಒತ್ತಡದಲ್ಲಿ ನುಗ್ಗಿಸಿದರೆ ಕಲ್ಲು ಸೀಳುತ್ತದೆ, ಗ್ಯಾಸ್ ಹೊರಗೆ ಬರುತ್ತದೆ. ಒಂದು ಬಾವಿಗೆ ಒಂದೂವರೆ ಕೋಟಿ ಲೀಟರ್ ನೀರು ಬೇಕಾಗುವುದು ಸಾಮಾನ್ಯ. ಬೇಸಿಗೆಯಲ್ಲಿ ಕಲಬುರಗಿಯಲ್ಲಿ ಓಡಾಡುವ 5,000 ಲೀಟರಿನ ಟ್ಯಾಂಕರ್ ಲೆಕ್ಕ ಹಿಡಿದರೆ 3,000 ಟ್ಯಾಂಕರ್ ಆಯಿತು. ವಾಪಸ್ ಮೇಲೆ ಬರುವ ನೀರಿನಲ್ಲಿ ವಿಪರೀತ ಉಪ್ಪು, ಬೇರಿಯಂ, ರೇಡಿಯಂ ಇರುತ್ತದೆ. ಅದನ್ನು ಎಲ್ಲಿ ಚೆಲ್ಲುತ್ತೀರಿ ಅನ್ನುವುದು ದೊಡ್ಡ ಪ್ರಶ್ನೆ.

ಈಗ ನಿಮ್ಮ ಊರ ಹಿರಿಯರ ಮಾತಿಗೆ ಬರುತ್ತೇನೆ. ಪೆನ್ಸಿಲ್ವೇನಿಯಾದಲ್ಲೇ ಪಕ್ಕದ ಸಸ್ಕ್ವೆಹಾನಾ ನದಿಯ ಕಡೆ ಡಿಮಕ್ ಅಂತ ಒಂದು ಹಳ್ಳಿ. ಅಲ್ಲಿ ಮೊದಲು ಗ್ಯಾಸ್ ಬಾವಿ ಬಂದವು, ಆಮೇಲೆ ಜನ ಎದ್ದರು. 2009ರ ಜನವರಿ 1ರಂದು ಒಬ್ಬರ ಮನೆಯ ನೀರಿನ ಬಾವಿ ಸ್ಫೋಟವಾಯಿತು. ಗ್ಯಾಸ್ ಬಾವಿಗಳ ಕೊಳವೆ, ಸಿಮೆಂಟ್ ಸರಿಯಿಲ್ಲದೆ ಮೀಥೇನ್ ಅನ್ನುವ ಉರಿಯುವ ಗ್ಯಾಸ್ ಕುಡಿಯುವ ನೀರಿಗೆ ಬಂದಿದೆ ಅಂತ ರಾಜ್ಯ ಸರ್ಕಾರದ ಇಲಾಖೆಯೇ ಹೇಳಿತು. ಹೊಸ ನೀರಿನ ಪೈಪ್‌ಲೈನಿಗೆ ಕಂಪನಿ 1.6 ಕೋಟಿ ಡಾಲರ್‌ಗೂ ಜಾಸ್ತಿ ಕೊಡುವುದು ಅಂತ ಕೋರ್ಟಿನಲ್ಲಿ ತೀರ್ಮಾನ ಆದದ್ದು 2022ರಲ್ಲಿ. ನಡುವೆ ಹದಿಮೂರು ವರ್ಷ. ಡೆಲವೇರ್ ಕಡೆ ಕೆಲವು ಪರೀಕ್ಷಾ ಬಾವಿ ಕೊರೆದಿದ್ದರು, ಉತ್ಪಾದನೆ ಒಂದರಲ್ಲೂ ಶುರುವಾಗಿರಲಿಲ್ಲ. ಜನ ಎದ್ದದ್ದು ಆಗಲೇ. ಬೇಗ ಎದ್ದದ್ದರಿಂದಲೇ ಉಳಿದರು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಇನ್ನೊಂದು ಕಾರಣ ಇದೆ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಅದೇ. 1961ರಲ್ಲಿ ನಾಲ್ಕು ರಾಜ್ಯ ಮತ್ತು ಕೇಂದ್ರ ಸೇರಿ ಈ ನದಿಗೆ ಒಂದು ಆಯೋಗ ಮಾಡಿಕೊಂಡಿದ್ದವು. ಐದು ಸದಸ್ಯರು, ಐದು ಮತ. ನದಿಯ ನೀರಿಗೆ ದೊಡ್ಡ ಪರಿಣಾಮ ಆಗುವ ಯಾವ ಯೋಜನೆಗೂ ಆಯೋಗದ ಒಪ್ಪಿಗೆ ಬೇಕು. ನೀರಿನ ಪ್ರಮಾಣ, ನೀರಿನ ಗುಣ, ಎರಡೂ ಅದರ ಕೈಯಲ್ಲಿವೆ. ಅಂದರೆ ಗ್ಯಾಸ್ ಮೇಲಿನ ರಾಜ್ಯದ ನೆಲದಲ್ಲಿದ್ದರೂ, ಕೆಳಗೆ ಕುಳಿತು ನೀರು ಕುಡಿಯುವ ರಾಜ್ಯಕ್ಕೆ ಬೇಡ ಅಂತ ಮತ ಹಾಕುವ ಹಕ್ಕಿದೆ.

2010ರ ಮೇ ತಿಂಗಳಲ್ಲಿ ಆಯೋಗ, ನಿಯಮ ಆಗುವ ತನಕ ಡ್ರಿಲ್ಲಿಂಗ್ ಬೇಡ ಅಂತ ತಡೆ ಹಾಕಿತು. ವರ್ಷದ ಕೊನೆಗೆ ಕರಡು ನಿಯಮ ಬಂತು. ಅದನ್ನು ಒಪ್ಪಿದರೆ ಬಾಗಿಲು ತೆರೆದಂತೆ. ಸುಮಾರು 69 ಸಾವಿರ ಅಭಿಪ್ರಾಯಗಳು ಬಂದವು. ಡೆಲವೇರ್ ರಿವರ್‌ಕೀಪರ್ ನೆಟ್‌ವರ್ಕ್ ಅನ್ನುವ ನದಿ ಕಾಯುವ ಸಂಘಟನೆ ಇದರ ಮುಂಚೂಣಿಯಲ್ಲಿತ್ತು. ನದಿ ದಂಡೆಯ ಡಮಾಸ್ಕಸ್ ಅನ್ನುವ ಸಣ್ಣ ಊರಿನವರೇ ಕಟ್ಟಿಕೊಂಡ ಸಂಘವೂ ಇತ್ತು. 2011ರ ನವೆಂಬರ್ 21ಕ್ಕೆ ಟ್ರೆಂಟನ್‌ನಲ್ಲಿ ಮತ ಹಾಕುವುದಿತ್ತು. ಅದಕ್ಕೆ ಕೆಲವೇ ದಿನ ಮೊದಲು ಡೆಲವೇರ್ ರಾಜ್ಯದ ಗವರ್ನರ್ ಜ್ಯಾಕ್ ಮಾರ್ಕೆಲ್ ತಮ್ಮ ಮತ ವಿರುದ್ಧ ಅಂದರು. ಸಭೆಯೇ ರದ್ದಾಯಿತು. ಜನ ಮನೆಯಲ್ಲಿ ಕೂರಲಿಲ್ಲ, ಆ ದಿನವೂ ಬಂದು ಸೇರಿದರು. ನಾನೂ ಹೋಗಿದ್ದೆ. ನನ್ನ ಪಕ್ಕ ನಿಂತಿದ್ದ ಅಜ್ಜಿ ಫಿಲಡೆಲ್ಫಿಯಾದವರು. ಅವರ ಊರಿನಲ್ಲಿ ಗ್ಯಾಸ್ ಬಾವಿ ತೋಡುವ ಮಾತೇ ಇಲ್ಲ. “ನನ್ನ ನಲ್ಲಿ ಇದೇ ನದಿಯದ್ದು” ಅಂದರು, ಅಷ್ಟೇ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಆಮೇಲೆ ವರ್ಷಗಟ್ಟಲೆ ಪತ್ರ, ಫೋನು, ಪ್ರತಿ ಸಭೆಗೂ ಹಾಜರಿ. ಗವರ್ನರುಗಳು ಬದಲಾದರು, ಜನ ಬಿಡಲಿಲ್ಲ. 2021ರಲ್ಲಿ ನಾಲ್ಕೂ ರಾಜ್ಯ ನಿಷೇಧದ ಪರ ಮತ ಹಾಕಿದವು, ಕೇಂದ್ರದ ಪ್ರತಿನಿಧಿ ಮತ ಹಾಕಲಿಲ್ಲ. 2022ರ ಡಿಸೆಂಬರಿನಲ್ಲಿ ಬೇರೆ ಕಡೆಯ ಫ್ರಾಕಿಂಗ್ ಕೊಳೆ ನೀರನ್ನು ಈ ಜಲಾನಯನದಲ್ಲಿ ಚೆಲ್ಲುವುದನ್ನೂ ನಿಷೇಧಿಸಿದರು.

ವಾಡಿ ಹುಡುಗ

ಅಣ್ಣಾರೆ, ಓದಿ ಖುಷಿಯಾಯಿತು. ಆದರೆ ಒಂದು ಮಾತು ಕೇಳಲೇಬೇಕು. ನಮ್ಮ ಕಡೆ ಎಷ್ಟು ಮನೆಯವರು ದುಡಿಯಲು ಮುಂಬೈ, ಪುಣೆ, ಹೈದರಾಬಾದ್ ಹೋಗುತ್ತಾರೆ ನಿಮಗೆ ಗೊತ್ತಿದೆ. ತೊಗರಿಗೆ ರೇಟ್ ಬಿದ್ದ ವರ್ಷ ಊರೇ ಖಾಲಿ. ನಾಳೆ ಒಂದು ಕಂಪನಿ ಬಂದರೆ ನಮ್ಮಂಥ ಹುಡುಗರು ಬೇಡ ಅನ್ನುವುದು ಹೇಗೆ?

ಆಳಂದದವ, ಈಗ ನ್ಯೂಜೆರ್ಸಿ

ತಮ್ಮಾ, ನ್ಯಾಯವಾದ ಪ್ರಶ್ನೆ. ಪೆನ್ಸಿಲ್ವೇನಿಯಾದ ವೇಯ್ನ್ ಕೌಂಟಿಯ (ನಮ್ಮ ಜಿಲ್ಲೆ ಇದ್ದಂತೆ) ಹೈನುಗಾರರು ಇದನ್ನೇ ಕೇಳಿದರು. ಹಾಲಿನ ರೇಟ್ ಬಿದ್ದಿತ್ತು, ಸಾಲ ಇತ್ತು. ನೆಲ ಲೀಸಿಗೆ ಕೊಟ್ಟರೆ ಹೊಲ ಉಳಿಯುತ್ತದೆ ಅಂತ ಎಷ್ಟೋ ಜನ ಡ್ರಿಲ್ಲಿಂಗ್ ಪರ ಇದ್ದರು. ಅಲ್ಲಿ ಜಮೀನು ಇದ್ದ ಒಂದು ಸಂಸ್ಥೆ ಆಯೋಗದ ಮೇಲೆ ಕೇಸ್ ಕೂಡ ಹಾಕಿತು. ಅವರನ್ನು ಕೆಟ್ಟವರು ಅನ್ನಲು ನನ್ನಿಂದ ಆಗುವುದಿಲ್ಲ. ಆದರೆ ಅವರಿಗೂ ನಿನಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಮೆರಿಕದಲ್ಲಿ ನೆಲದಡಿಯ ಗ್ಯಾಸಿನ ಹಕ್ಕು ಜಮೀನಿನವನದ್ದಾಗಿರಬಹುದು. ಲೀಸಿನ ದುಡ್ಡು, ಪಾಲು ಅವನಿಗೆ ಬರುತ್ತದೆ. ನಮ್ಮಲ್ಲಿ ಗ್ಯಾಸ್ ಸರ್ಕಾರದ್ದು. ನಿನಗೆ ಸಿಗುವುದು ಮೇಲಿನ ನೆಲದ ಪರಿಹಾರ ಮಾತ್ರ. ಇನ್ನು ರಿಗ್ ಮೇಲಿನ ಕೆಲಸಕ್ಕೆ ಅನುಭವದವರು ಬೇಕು, ಪೆನ್ಸಿಲ್ವೇನಿಯಾಕ್ಕೂ ಮೊದಮೊದಲು ಟೆಕ್ಸಾಸ್, ಒಕ್ಲಹೋಮಾ ಕಡೆಯಿಂದಲೇ ಜನ ಬಂದರು.

ಭೀಮಾ ತೀರದ ರೈತ, ಶಹಾಪುರ

ನಾನು ಬರೆಯುವುದು ಕಡಿಮೆ. ನಮ್ಮ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಇದೆ ಅಂತ ಕೊರೆದು ನೋಡಿದರು, ಜನ ವಿರೋಧ ಮಾಡಿದರು. ಗ್ಯಾಸಿಗೂ ಅದಕ್ಕೂ ಸಂಬಂಧ ಇಲ್ಲ, ಆದರೆ ಕಲ್ಲು ಒಂದೇ. ನಮ್ಮದು ಸುಣ್ಣಕಲ್ಲಿನ ಸೀಮೆ, ಫರ್ಸಿ ಕಲ್ಲಿನ ನೆಲ. ನೀರು ಇರುವುದು ಬಿರುಕಿನಲ್ಲಿ. ಒಬ್ಬರು ಹೊಸ ಬೋರ್ ಹಾಕಿದರೆ ಪಕ್ಕದ ಹೊಲದ ಬೋರ್ ಒಣಗಿದ್ದನ್ನು ಕಣ್ಣಾರೆ ಕಂಡಿದ್ದೇವೆ. ಇಂಥ ನೆಲದಲ್ಲಿ ಒಂದು ಕಡೆ ಕೆಟ್ಟದ್ದು ಇಳಿದರೆ ಅದು ಎಲ್ಲಿ ಮೇಲೆ ಬರುತ್ತದೆ ಅಂತ ಯಾವ ಎಂಜಿನಿಯರೂ ಬೆರಳು ತೋರಿಸಿ ಹೇಳಲಾರ.

ಅಕ್ಕೋರೆ, ನಾನು ಹೇಳುವುದು ಒಂದೇ. ಊರಿಗೆ ಜೀಪು ಬಂದು ಅಳತೆ ಶುರು ಮಾಡಿದ ದಿನವೇ ಕೇಳಬೇಕು, ಯಾರು ನೀವು, ಯಾವ ಕಾಗದ ಇದೆ ಅಂತ. ಇಲ್ಲವಾದರೆ ಕೆಲಸ ಮುಗಿದ ಮೇಲೆ ಸುದ್ದಿ ತಿಳಿಯುತ್ತದೆ.

ಬೀದರ್ ವಕೀಲೆ

ಶಹಾಪುರದ ಕಾಕಾ ಹೇಳಿದ್ದಕ್ಕೆ ಕಾನೂನಿನ ಕಾರಣವೂ ಇದೆ. 2020ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ನಿಯಮ ಬದಲಿಸಿತು. ತೈಲ, ಅನಿಲದ ಅನ್ವೇಷಣೆಯನ್ನು ಬಿ2 ವರ್ಗಕ್ಕೆ ಹಾಕಿತು. ಬಿ2 ಅಂದರೆ ಸಾರ್ವಜನಿಕ ಅಹವಾಲು ಸಭೆ ಇಲ್ಲ. ಉತ್ಪಾದನೆಯ ಹಂತದಲ್ಲಷ್ಟೇ ಜನರನ್ನು ಕರೆಯುತ್ತಾರೆ. ಅಷ್ಟರಲ್ಲಿ ಪರೀಕ್ಷಾ ಬಾವಿ ಕೊರೆದಾಗಿರುತ್ತದೆ, ಕಂಪನಿ ದುಡ್ಡು ಸುರಿದಿರುತ್ತದೆ. ಪರಿಸರ ಅನುಮತಿಗೆ ಅರ್ಜಿ ಹಾಕುವ ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ಜಿಲ್ಲೆಯ ಹೆಸರು ಹಾಕಿ ಆಗಾಗ ನೋಡುತ್ತಿರಿ, ಅರ್ಜಿಗಳು ಅಲ್ಲಿ ಕಾಣುತ್ತವೆ.

ನ್ಯೂಜೆರ್ಸಿಯ ಅಣ್ಣ ಬರೆದ ಆಯೋಗದ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ನಮ್ಮ ಮಾಂಜ್ರಾ ಮಹಾರಾಷ್ಟ್ರದಿಂದ ಬಂದು ಬೀದರ್ ದಾಟಿ ತೆಲಂಗಾಣಕ್ಕೆ ಹೋಗುತ್ತದೆ. ಭೀಮಾ ಕೂಡ ಮಹಾರಾಷ್ಟ್ರದ್ದೇ. ಎಲ್ಲ ಜಗಳ ಟಿಎಂಸಿ ಲೆಕ್ಕದ ಮೇಲೆ. ನ್ಯಾಯಮಂಡಳಿ ಹಂಚುವುದು ನೀರಿನ ಪ್ರಮಾಣ. ಗುಣ ನೋಡಿಕೊಳ್ಳುವುದು ಆಯಾ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ, ಅದೂ ತನ್ನ ಗಡಿಯೊಳಗೆ. ತಾಂಡೂರಿನಲ್ಲಿ ಏನು ಮಾಡಬೇಕು ಅಂತ ತೀರ್ಮಾನಿಸುವಾಗ ಸೇಡಂನವರಿಗೆ ಮತ ಇಲ್ಲ. ಸೇಡಂನಲ್ಲಿ ತೀರ್ಮಾನಿಸುವಾಗ ಯಾದಗಿರಿಯವರಿಗೆ ಇಲ್ಲ. ನನ್ನ ಕಣ್ಣಿಗೆ ನಮ್ಮ ದೊಡ್ಡ ಕೊರತೆ ಇದು.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ತಮಿಳುನಾಡಿನ ನೆಡುವಾಸಲ್‌ನಲ್ಲಿ 2017ರಲ್ಲಿ ಹೈಡ್ರೋಕಾರ್ಬನ್ (ತೈಲ, ಅನಿಲ) ಯೋಜನೆ ವಿರುದ್ಧ ರೈತರು, ವಿದ್ಯಾರ್ಥಿಗಳು ಎದ್ದರು. 2020ರಲ್ಲಿ ಆ ರಾಜ್ಯದ ವಿಧಾನಸಭೆ ಕಾವೇರಿ ಮುಖಜ ಭೂಮಿಯನ್ನು ಸಂರಕ್ಷಿತ ಕೃಷಿ ವಲಯ ಮಾಡಿ ಕಾಯ್ದೆ ತಂದಿತು. ರಾಜ್ಯ ಮನಸ್ಸು ಮಾಡಿದರೆ ಆಗುತ್ತದೆ, ಅಲ್ವಾ? ನಮ್ಮ ಜಿಲ್ಲೆಗಳು ಅನುಸೂಚಿತ ಪ್ರದೇಶವಲ್ಲ (ಅಂದರೆ ಸಂವಿಧಾನದ ಐದನೇ ಅನುಸೂಚಿಯ ಬುಡಕಟ್ಟು ಪ್ರದೇಶವಲ್ಲ), ಗ್ರಾಮಸಭೆಯ ಠರಾವು ಒಂದೇ ಯೋಜನೆಯನ್ನು ನಿಲ್ಲಿಸುವುದಿಲ್ಲ. ಆದರೂ ಠರಾವು ಮಾಡಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ದೃಢೀಕೃತ ಪ್ರತಿ ಇಟ್ಟುಕೊಳ್ಳಿ. ಕೋರ್ಟಿನಲ್ಲಿ ಅದಕ್ಕೆ ಬೆಲೆ ಇದೆ.

ಕಾಗಿಣಾ ಟೀಚರ್, ಸೇಡಂ

ಎಲ್ಲರಿಗೂ ಮನಸಾರೆ ಧನ್ಯವಾದ. ವಕೀಲ ಮೇಡಂ, ನಿಮ್ಮ ಮಾತು ಓದಿ ನಮ್ಮ ನಕ್ಷೆಯನ್ನೇ ದೊಡ್ಡದು ಮಾಡಬೇಕು ಅನಿಸಿತು. ತಾಂಡೂರಿನ ಶಾಲೆ ಒಂದನ್ನು, ಕೆಳಗೆ ಭೀಮಾ ದಂಡೆಯ ಯಾದಗಿರಿ ಕಡೆಯ ಶಾಲೆ ಒಂದನ್ನು ಜೊತೆ ಮಾಡಿಕೊಳ್ಳುತ್ತೇನೆ. ಇಲಾಖೆಗೆ ಪತ್ರ ಬರೆಯುವುದು ನನ್ನ ಜವಾಬ್ದಾರಿ.

ಇನ್ನೊಂದು ಕೇಳುವುದಿತ್ತು. ನೀರಿನ ಪರೀಕ್ಷೆ ನಾವೇ ಶುರು ಮಾಡಬಹುದಾ? ಪಂಚಾಯಿತಿಯಲ್ಲಿ ಜಲ ಜೀವನ್ ಮಿಷನ್ನಿನ ಕಿಟ್ ಇದೆ. ಊರಿಗೆ ಐದು ಜನ ಹೆಣ್ಣುಮಕ್ಕಳಿಗೆ ಪರೀಕ್ಷೆ ಕಲಿಸಬೇಕು ಅಂತ ನಿಯಮವೂ ಇದೆ.

ಆಳಂದದವ, ಈಗ ನ್ಯೂಜೆರ್ಸಿ

ಇಂದೇ ಶುರು ಮಾಡಿ ಅಕ್ಕೋರೆ. ಡಿಮಕ್‌ನವರಿಗೆ ಎದುರಾದ ವಾದ ನೆನಪಿಡಿ: “ನಿಮ್ಮ ನೀರಿನಲ್ಲಿ ಮೊದಲಿನಿಂದಲೂ ಮೀಥೇನ್ ಇತ್ತು.” ಇಲ್ಲ ಅನ್ನಲು ಹಳೆಯ ದಾಖಲೆ ಬೇಕು. ಆ ಕಿಟ್‌ನಲ್ಲಿ ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್, ಗಡಸುತನ ಎಲ್ಲ ಬರುತ್ತದೆ. ಮೀಥೇನ್, ಬೇರಿಯಂ ಬರುವುದಿಲ್ಲ, ಅದಕ್ಕೆ ದೊಡ್ಡ ಲ್ಯಾಬ್ ಬೇಕು. ಕೆಲವು ಬಾವಿಗಳದ್ದಾದರೂ ಮಾಡಿಸಿಡಿ. ಜೊತೆಗೆ ನೀರಿನಲ್ಲಿ ಕರಗಿದ ಲವಣ ಅಳೆಯುವ, ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಒಂದು ಕೊಳ್ಳಿ. ಉಪ್ಪು ಏರಿದರೆ ಮೊದಲು ಅದರಲ್ಲೇ ತಿಳಿಯುತ್ತದೆ.

ಭೀಮಾ ತೀರದ ರೈತ, ಶಹಾಪುರ

ಮೇ ತಿಂಗಳಲ್ಲಿ ಒಂದು ಸಲ, ಮಳೆ ಮುಗಿದ ಮೇಲೆ ನವೆಂಬರಿನಲ್ಲಿ ಒಂದು ಸಲ ಮಾಡಿರಿ. ಅದೇ ಬಾವಿ, ಅದೇ ಬೋರ್ ಇರಬೇಕು. ತಾರೀಖು, ಬೋರಿನ ಆಳ, ಹೊಲದ ಸರ್ವೆ ನಂಬರ್ ತಪ್ಪದೆ ಬರೆಯಿರಿ. ಶಹಾಪುರ ಕಡೆಯ ಭೀಮಾ ದಂಡೆಯ ಊರುಗಳದ್ದು ನಾನು ಬರೆಸಿ ಕಳಿಸುತ್ತೇನೆ.