ಒಂದೇ ಪೀಪಾಯಿ, ಐದು ಮೂಗು

ಸಿನ್ಸಿನಾಟಿಯ ಕನ್ನಡಿಗರಲ್ಲಿ ಯಾರಿಗಾದರೂ ಬ್ಲಾಂಟನ್ಸ್ ಎಂಬ ಬರ್ಬನ್ ವಿಸ್ಕಿಯ ಬಾಟಲಿ ಸಿಕ್ಕಿತು ಅಂದರೆ ಸಾಕು, ಅವರ ಆರೋಗ್ಯ ವಿಚಾರಿಸುವವರು ದಿಢೀರನೆ ಜಾಸ್ತಿಯಾಗುತ್ತಾರೆ. ಓಹಾಯೋ ನದಿ ದಾಟಿದರೆ ಬರ್ಬನ್ನಿನ ತವರು ಕೆಂಟಕಿ. ಅಷ್ಟು ಹತ್ತಿರ ಇದ್ದರೂ ಬಾಟಲಿ ಮಾತ್ರ ಸಿಗುವುದಿಲ್ಲ. ಓಹಾಯೋದಲ್ಲಿ ಅಪರೂಪದ ಬರ್ಬನ್‌ಗಳಿಗೆ ಲಾಟರಿ ಎತ್ತುತ್ತಾರೆ. ಈ ಸಲ ರಘುವಿಗೆ ಅದೃಷ್ಟ ಖುಲಾಯಿಸಿತು. ನಮಗೆ ರಘು ಖುಲಾಯಿಸಿದ.

ಲಾಯರ್ ಸಾಹೇಬರು ಕನ್ನಡಕ ಏರಿಸಿ ಮೊದಲು ಲೇಬಲ್ ಓದಿದರು.

"ಪೀಪಾಯಿ ಖಾಲಿ ಮಾಡಿದ ತಾರೀಕು ಇದೆ, ಪೀಪಾಯಿ ನಂಬರ್ ಇದೆ, ಗೋದಾಮು ಎಚ್ ಅಂತಿದೆ, ಯಾವ ಅಟ್ಟಣೆಯಲ್ಲಿತ್ತು ಅನ್ನೋದೂ ಇದೆ. ಥೇಟ್ ಪಹಣಿ ಕಣ್ರೀ! ಚಕ್ಕುಬಂದಿ ಒಂದು ಬಿಟ್ಟಿದ್ದಾರೆ."

"ಅಷ್ಟೆಲ್ಲ ಯಾಕೆ? ಕುಡಿಯೋದಕ್ಕೆ ತಾನೇ?" ಎಂದರು ರಘುವಿನ ಭಾವ. ಊರಿಂದ ಬಂದವರು, ರೇಷ್ಮೆ ವ್ಯಾಪಾರದಲ್ಲಿ ಪಳಗಿದವರು.

"ಭಾವ, ಮಾಮೂಲಿ ಬರ್ಬನ್‌ಗೆ ಎಷ್ಟೋ ಪೀಪಾಯಿ ಬೆರೆಸ್ತಾರೆ. ಪ್ರತಿ ಸಲ ಒಂದೇ ರುಚಿ ಬರಬೇಕಲ್ಲ? ಇದು ಒಂದೇ ಪೀಪಾಯಿದು. ಸುಮಾರು 200 ಲೀಟರ್ ಹಿಡಿಯುತ್ತೆ, ಅದರಲ್ಲೂ ಆರಿ ಹೋಗಿ ಮಿಕ್ಕಿದ್ದಷ್ಟೇ. ಅದು ಮುಗೀತು ಅಂದ್ರೆ ಆ ರುಚಿ ಮುಗೀತು."

"ಅಂದ್ರೆ ಬೆರೆಸೋ ಕೂಲಿನೂ ಉಳಿಸಿದ್ರು, ಬೆಲೆನೂ ಏರಿಸಿದ್ರು. ಬುದ್ಧಿವಂತರು."

ಭಾವನ ಮಾತು ಪೂರ್ತಿ ಸುಳ್ಳಲ್ಲ. 1980ರ ದಶಕದಲ್ಲಿ ಅಮೆರಿಕದವರು ವೋಡ್ಕಾ ಕಡೆ ವಾಲಿದ್ದರು, ಬರ್ಬನ್ ಅಜ್ಜಂದಿರ ಪಾಲಿಗೆ ಉಳಿದಿತ್ತು. ಆಗ, 1984ರಲ್ಲಿ, ಕೆಂಟಕಿಯ ಫ್ರಾಂಕ್‌ಫರ್ಟ್‌ನ ಡಿಸ್ಟಿಲರಿಯಲ್ಲಿ ಅಲ್ಲಿನ ಮಾಸ್ಟರ್ ಡಿಸ್ಟಿಲರ್ ಎಲ್ಮರ್ ಟಿ. ಲೀ ಇದನ್ನು ಹೊರತಂದರು. ಹಿಂದೆ ಅಲ್ಲಿ ಮುಖ್ಯಸ್ಥರಾಗಿದ್ದ ಕರ್ನಲ್ ಬ್ಲಾಂಟನ್, ಬೇಕಾದವರು ಬಂದರೆ ಗೋದಾಮು ಎಚ್‌ನ ನಡುಭಾಗದಿಂದ ಒಳ್ಳೆಯ ಪೀಪಾಯಿ ಆರಿಸಿ ತರಿಸುತ್ತಿದ್ದರಂತೆ. ಅವರ ಹೆಸರನ್ನೇ ಇಟ್ಟರು.

"ನೆಂಟರಿಗೆ ಇಟ್ಟಿದ್ದನ್ನ ಅಂಗಡಿಗೆ ಹಾಕಿದ್ರು ಅನ್ನಿ" ಎಂದರು ಭಾವ.

ಡಾಕ್ಟ್ರು ಗ್ಲಾಸುಗಳಿಗೆ ಸ್ವಲ್ಪ ಸ್ವಲ್ಪವೇ ಬಗ್ಗಿಸಿದರು. ಇವರು ಮಾತ್ರೆ ಬರೆಯುವ ಡಾಕ್ಟ್ರಲ್ಲ, ಕೆಮಿಸ್ಟ್ರಿ ಡಾಕ್ಟ್ರು. "ಮೂಗನ್ನ ಒಳಗೆ ಮುಳುಗಿಸಬೇಡಿ. ಬಾಯಿ ಸ್ವಲ್ಪ ತೆಗೆದು ಮೆಲ್ಲಗೆ ಎಳೀರಿ. ಮೊದಲನೇ ಗುಟುಕು ಲೆಕ್ಕಕ್ಕಿಲ್ಲ, ಅದು ನಾಲಿಗೆನ ಒಪ್ಪಿಸೋದಕ್ಕೆ."

ರಘು ಫೋನ್ ನೋಡಿಕೊಂಡು ಶುರು ಮಾಡಿದ. "ವೆನಿಲ್ಲಾ... ಕ್ಯಾರಮೆಲ್... ಕಿತ್ತಳೆ ಸಿಪ್ಪೆ..."

"ಹಳೇ ಲೆದರ್ ಸೋಫಾ" ಎಂದರು ಲಾಯರ್, ಕಣ್ಣು ಮುಚ್ಚಿಕೊಂಡು.

"ಸೋಫಾ ಯಾವಾಗ ನೆಕ್ಕಿದ್ರಿ?" ಎಂದು ನಾನು ಕೇಳಿದೆ. ಉತ್ತರ ಬರಲಿಲ್ಲ.

ಕೋಡುಬಳೆ ತಟ್ಟೆ ಇಡಲು ಬಂದ ಸುಮಾ ನಿಂತಲ್ಲೇ ರಘುವಿನ ಗ್ಲಾಸ್ ಮೂಸಿದಳು. "ಒಣಕೊಬ್ಬರಿ. ಲವಂಗ. ಬೆಲ್ಲದ ಪಾಕ ಸ್ವಲ್ಪ ಸೀದಿದೆ." ಇಷ್ಟು ಹೇಳಿ ಹೊರಟಳು.

ಡಾಕ್ಟ್ರು ಕುರ್ಚಿಯಿಂದ ಎದ್ದೇ ಬಿಟ್ಟರು. "ಮೂರಕ್ಕೆ ಮೂರೂ ಸರಿ! ಓಕ್ ಮರದ ಲ್ಯಾಕ್ಟೋನ್ ಕೊಬ್ಬರಿ ವಾಸನೆ ಕೊಡುತ್ತೆ. ಯೂಜಿನಾಲ್ ಅಂತ ಇದೆ, ಅದೇ ಲವಂಗದಲ್ಲೂ ಇರೋದು. ಪೀಪಾಯಿ ಒಳಗಡೆ ಬೆಂಕಿ ಹಾಕಿ ಕರಕು ಮಾಡಿರ್ತಾರೆ. ಆ ಕಾವಿಗೆ ಮರದ ಸಕ್ಕರೆ ಪಾಕ ಆಗುತ್ತೆ, ಮರಕ್ಕೆ ಗಟ್ಟಿತನ ಕೊಡೋ ಲಿಗ್ನಿನ್ ಮುರಿದು ವೆನಿಲ್ಲಾ ವಾಸನೆಯ ವೆನಿಲ್ಲಿನ್ ಬರುತ್ತೆ. ಬೇಸಿಗೆಗೆ ಮದ್ಯ ಹಿಗ್ಗಿ ಮರದೊಳಗೆ ಹೋಗುತ್ತೆ, ಚಳಿಗೆ ವಾಪಸ್ ಬರುತ್ತೆ. ಗೋದಾಮು ಎಚ್‌ಗೆ ತಗಡಿನ ಗೋಡೆ, ಬೇಗ ಕಾಯುತ್ತೆ, ಬೇಗ ಆರುತ್ತೆ. ಯಾವ ಮೂಲೆಯಲ್ಲಿ ಇಟ್ಟಿದ್ರು ಅನ್ನೋದರ ಮೇಲೆ ರುಚಿನೇ ಬೇರೆ."

"ಅಂದ್ರೆ ಎಸೆನ್ಸ್ ಹಾಕಿಲ್ಲ?" ಭಾವನಿಗೆ ಅನುಮಾನ.

ಇಲ್ಲಿ ಲಾಯರ್ ನುಗ್ಗಿದರು. "ಹಾಕಿದ್ರೆ ಕೇಸು! ಧಾನ್ಯದಲ್ಲಿ ಕನಿಷ್ಠ ಶೇ 51 ಜೋಳ, ಅದೂ ಮೆಕ್ಕೆಜೋಳ. ಪೀಪಾಯಿ ಹೊಸದೇ ಆಗಿರಬೇಕು. ಸ್ಟ್ರೇಟ್ ಬರ್ಬನ್‌ಗೆ, ಅಂದ್ರೆ ಕನಿಷ್ಠ ಎರಡು ವರ್ಷ ಪೀಪಾಯಿಯಲ್ಲಿ ಇಟ್ಟಿದ್ದಕ್ಕೆ, ಹೊರಗಿನ ಬಣ್ಣನೂ ಹಾಕೋ ಹಾಗಿಲ್ಲ. ಬರ್ಬನ್ ಅಮೆರಿಕದ್ದೇ ವಿಶಿಷ್ಟ ಉತ್ಪನ್ನ ಅಂತ 1964ರಲ್ಲಿ ಕಾಂಗ್ರೆಸ್ ನಿರ್ಣಯ ಮಾಡಿದೆ."

ಭಾವ ಊರಿಂದ ತಂದಿದ್ದ ಪೊಟ್ಟಣ ಬಿಚ್ಚಿದರು. "ಹಾಗಾದ್ರೆ ಇದಕ್ಕೂ ಕಾಂಗ್ರೆಸ್ ಅನುಮತಿ ಇದೆ ಅನ್ನಿ." ಒಳಗೆ ಕಾಂಗ್ರೆಸ್ ಕಡಲೆಬೀಜ. ಗಂಭೀರ ರುಚಿನೋಟ ಅಲ್ಲಿಗೆ ಅರ್ಧ ಹಾಳಾಯಿತು. ಖಾರದ ಬಾಯಿಗೆ ಕಿತ್ತಳೆ ಸಿಪ್ಪೆ ಎಲ್ಲಿಂದ ಸಿಗಬೇಕು?

"ಹೊಸ ಪೀಪಾಯಿನೇ ಬೇಕು ಅಂದ್ರೆ ಹಳೇದು?" ಭಾವ ವ್ಯಾಪಾರ ಬಿಡಲಿಲ್ಲ.

"ಮಾರ್ತಾರೆ. ಸ್ಕಾಟ್ಲೆಂಡಿಗೆ ಹೋಗುತ್ತೆ. ನಮ್ಮ ಕೆಂಗೇರಿ ಆಚೆ ಕಂಬೀಪುರದ ಅಮೃತ್ ಡಿಸ್ಟಿಲರಿಗೂ ಬರುತ್ತೆ, ಅವರ ಸಿಂಗಲ್ ಮಾಲ್ಟ್‌ಗೆ" ಎಂದರು ಡಾಕ್ಟ್ರು. "ಆದರೆ ಬೆಂಗಳೂರಲ್ಲಿ ವರ್ಷಕ್ಕೆ ಶೇ 10ರಷ್ಟು ಆವಿಯಾಗಿ ಹೋಗುತ್ತೆ. ದೇವತೆಗಳ ಪಾಲು ಅಂತಾರೆ. ಕೆಂಟಕಿಯಲ್ಲಿ ಅಷ್ಟಿಲ್ಲ."

"ನಮ್ಮೂರಲ್ಲಿ ದೇವತೆಗಳಿಗೂ ಮಾಮೂಲು ಜಾಸ್ತಿನೇ" ಎಂದರು ಲಾಯರ್.

ಆಮೇಲೆ ನೀರಿನ ಜಗಳ. ಬಾಟಲಿಯಲ್ಲಿರುವುದು ಶೇ 46.5 ಆಲ್ಕೋಹಾಲ್. ಹಾಗೇ ಕುಡಿಯಬೇಕು ಅಂತ ರಘು. ಸೋಡಾ ಇಲ್ವಾ ಅಂತ ಭಾವ. ಸೋಡಾ ಎನ್ನುತ್ತಲೇ ರಘು ಬಾಟಲಿಯನ್ನು ಎದೆಗವಚಿಕೊಂಡ. ಕೊನೆಗೆ ಡಾಕ್ಟ್ರು ರಾಜಿ ಮಾಡಿಸಿ ಚಮಚದಲ್ಲಿ ನಾಲ್ಕು ಹನಿ ನೀರು ಹಾಕಿಕೊಟ್ಟರು. ಭಾವ ಕುಡಿದರು. ಸುಮ್ಮನಾದರು. ಇನ್ನೊಂದು ಸಲ ಮೂಸಿದರು.

"ರಘು, ಕಿತ್ತಳೆ ಬಂತು ಕಣೋ!"

ಅಲ್ಲಿಂದ ಅವರನ್ನು ಹಿಡಿಯುವವರೇ ಇಲ್ಲ. ಗ್ಲಾಸನ್ನು ದೀಪಕ್ಕೆ ಹಿಡಿದು ಬಣ್ಣ ನೋಡಿದರು. ಎದೆಯೊಳಗೆ ಬೆಚ್ಚಗೆ ಇಳಿಯುವುದಕ್ಕೆ ಇಲ್ಲಿಯವರು ಕೆಂಟಕಿ ಹಗ್ ಅನ್ನುತ್ತಾರೆ ಅಂದಾಗ, "ಹೂಂ, ಅಪ್ಪಿಕೊಂಡಿದೆ" ಎಂದು ದೃಢಪಡಿಸಿದರು.

ನನ್ನನ್ನು ಕೇಳಿದರೆ ಒಂದೇ ಪೀಪಾಯಿಯ ಇನ್ನೊಂದು ಬರ್ಬನ್, ಫೋರ್ ರೋಸಸ್ ಸಿಂಗಲ್ ಬ್ಯಾರಲ್, ಇದಕ್ಕೇನೂ ಕಮ್ಮಿಯಿಲ್ಲ. ಶೇ 50ರ ಗಟ್ಟಿ ಸರಕು, ಲಾಟರಿಯ ಗೋಜಿಲ್ಲ. ಇದನ್ನು ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಯಾಕೆಂದರೆ ಅದರ ಮುಚ್ಚಳದ ಮೇಲೆ ಕುದುರೆ ಇಲ್ಲ. ಬ್ಲಾಂಟನ್ಸ್‌ಗೆ ಎಂಟು ಬಗೆಯ ಕುದುರೆ ಸವಾರರ ಮುಚ್ಚಳ, ಒಂದೊಂದಕ್ಕೂ ಹೆಸರಿನ ಒಂದೊಂದು ಅಕ್ಷರ. ಎನ್ ಎರಡು ಸಲ ಬರುತ್ತದೆ, ಅದಕ್ಕೆ ಎರಡನೆಯದರ ಪಕ್ಕ ಚುಕ್ಕಿ ಇಟ್ಟಿದ್ದಾರೆ. ಲಾಯರ್ ಬಳಿ ಏಳು ಇವೆ. ಕೊನೆಯ ಎಸ್ ಇಲ್ಲ. ಅದರಲ್ಲಿ ಸವಾರ ರೇಸು ಗೆದ್ದು ಕೈ ಎತ್ತಿರುತ್ತಾನೆ.

"ಅಂದ ಹಾಗೆ ರಘು, ಮುಚ್ಚಳ ಎಲ್ಲಿ?" ಎಂದರು ಲಾಯರ್, ಏನೂ ಆಗದವರ ಧ್ವನಿಯಲ್ಲಿ.

ಮೇಜಿನ ಮೇಲೆ ಇರಲಿಲ್ಲ. ತಟ್ಟೆ ಕೆಳಗೂ ಇರಲಿಲ್ಲ. ಭಾವ ಜುಬ್ಬದ ಜೇಬಿನಿಂದ ಅದನ್ನು ತೆಗೆದು, ಕೈ ಎತ್ತಿದ ಸವಾರನನ್ನು ಒಂದು ಕ್ಷಣ ತೋರಿಸಿ, ಮತ್ತೆ ಜೇಬಿಗಿಳಿಸಿದರು.

"ಕೂತ್ಕೊಳ್ಳಿ ಲಾಯರ್ರೇ. ಈಗ ವ್ಯಾಪಾರ ಮಾತಾಡೋಣ."