ವಾರ್ಷಿಕೋತ್ಸವ ಮುಗಿಸಿಕೊಂಡು ಬರಲಾ, ಈಗಲೇ ಬಂದುಬಿಡಲಾ?

ಮಂಡ್ಯದಿಂದ, ಹೊರಡುವ ತಯಾರಿಯಲ್ಲಿ

ಎಲ್ಲರಿಗೂ ನಮಸ್ಕಾರ. ಹೊರದೇಶದಲ್ಲಿರುವ ಕನ್ನಡಿಗರ ಈ ಗುಂಪಿಗೆ ಸೇರಿ ಆರು ತಿಂಗಳಾಯಿತು, ಬರೆಯುತ್ತಿರುವುದು ಇದೇ ಮೊದಲು. ನಮ್ಮನೆಯವರು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅವರು ಹೋಗಿ ಒಂದು ವರ್ಷವಾಯಿತು. ಈಗ ಬಾಡಿಗೆ ಮನೆ ಸಿಕ್ಕಿದೆ, ನಮ್ಮ ಮೂವರ ವೀಸಾ ಕೂಡ ಬಂದಿದೆ. ಫೆಬ್ರವರಿ ಮುಗಿಯೋದರೊಳಗೆ ಬಂದುಬಿಡಿ ಅಂತಿದ್ದಾರೆ.

ಮಗಳಿಗೆ ನವೆಂಬರಿನಲ್ಲಿ ಒಂಬತ್ತು ತುಂಬಿತು. ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಮಗನಿಗೆ ಹೋದ ತಿಂಗಳು ನಾಲ್ಕು ತುಂಬಿತು, ಅಂಗನವಾಡಿಗೆ ಹೋಗುತ್ತಾನೆ.

ಶಾಲೆಯಲ್ಲಿ ಈಗ ವರ್ಷದ ಕೊನೆಯ ಸಡಗರ. ಕಳೆದ ಶನಿವಾರ ಮೆಟ್ರಿಕ್ ಮೇಳ, ಅಂದರೆ ಮಕ್ಕಳೇ ಅಂಗಡಿ ಇಟ್ಟು ಮಾರುವ ಸಂತೆ, ಆಯಿತು. ಮಗಳು ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ನಿಂಬೆಹಣ್ಣು, ಕರಿಬೇವು, ನಮ್ಮ ಹಿತ್ತಿಲ ನುಗ್ಗೆಸೊಪ್ಪು ಇಟ್ಟುಕೊಂಡು ಕೂತಿದ್ದಳು. ಹತ್ತು ರೂಪಾಯಿಗೆ ಮೂರು ನಿಂಬೆಹಣ್ಣು. ಹೆಡ್ ಮೇಷ್ಟ್ರು ಆರು ಹಣ್ಣು ತಗೊಂಡು ಐವತ್ತರ ನೋಟು ಕೊಟ್ಟರು. ಬಾಯಲ್ಲೇ ಲೆಕ್ಕ ಹಾಕಿ ಮೂವತ್ತು ವಾಪಸ್ ಕೊಟ್ಟಳು. ಒಟ್ಟು 180 ರೂಪಾಯಿ ವ್ಯಾಪಾರ. ಆ ದುಡ್ಡನ್ನು ಜಾಮಿಟ್ರಿ ಬಾಕ್ಸಿನಲ್ಲಿಟ್ಟುಕೊಂಡು ದಿನಾ ಎಣಿಸುತ್ತಾಳೆ.

ಮಾರ್ಚ್ ಮೊದಲ ವಾರ ವಾರ್ಷಿಕೋತ್ಸವ. ಇವಳು ಕೋಲಾಟದಲ್ಲಿದ್ದಾಳೆ. ಹದಿನಾರು ಹುಡುಗಿಯರು, ಎಂಟು ಜೋಡಿ. ಇವಳ ಜೋಡಿ ಪಕ್ಕದ ಬೀದಿಯ ಹುಡುಗಿ, ಒಂದನೇ ಕ್ಲಾಸಿನಿಂದಲೂ ಒಟ್ಟಿಗೇ ಇರುವವರು. ನಾವು ಹೊರಟುಬಿಟ್ಟರೆ ಆ ಮಗುವಿಗೆ ಎದುರು ಕೋಲು ಕೊಡುವವರು ಇರುವುದಿಲ್ಲ. ಆಮೇಲೆ ಪರೀಕ್ಷೆ, ಏಳನೇ ಕ್ಲಾಸಿನವರ ಬೀಳ್ಕೊಡುಗೆ, ಏಪ್ರಿಲ್ 10ಕ್ಕೆ ಸಮುದಾಯದತ್ತ ಶಾಲೆ, ಅಂದರೆ ಪೋಷಕರನ್ನು ಕರೆಸಿ ಮಕ್ಕಳ ಕಲಿಕೆ ತೋರಿಸುವ ದಿನ. ಅವತ್ತೇ ರಿಸಲ್ಟು.

"ಕೋಲಾಟ ಮುಗಿಸಿಕೊಂಡು ಹೋಗೋಣ ಅಮ್ಮ" ಅಂತ ಮಲಗುವಾಗ ದಿನಾ ಕೇಳುತ್ತಾಳೆ. ಅವರು ಫೋನಿನಲ್ಲಿ, "ಇಲ್ಲಿ ಶಾಲೆ ನಡೀತಿದೆ, ತಡ ಆದಷ್ಟೂ ಇಂಗ್ಲಿಷಿನಲ್ಲಿ ಹಿಂದೆ ಬೀಳ್ತಾಳೆ" ಅನ್ನುತ್ತಾರೆ. ನನಗೆ ಇಬ್ಬರು ಹೇಳುವುದೂ ಸರಿ ಅನ್ನಿಸುತ್ತೆ. ಏಪ್ರಿಲ್ ಆದ ಮೇಲೆ ಬಂದರೆ ಅಲ್ಲಿ ಸೀಟು ಸಿಗುತ್ತಾ? ತಿಳಿದವರು ಹೇಳಿ.

ಲಂಡನ್, ಊರು ಮಳವಳ್ಳಿ

ಬೇಗ ಬನ್ನಿ ಅಕ್ಕ. ಮಕ್ಕಳು ಎರಡು ದಿನ ಅಳುತ್ತವೆ, ಮೂರನೇ ದಿನ ಮರೆಯುತ್ತವೆ. ಫೆಬ್ರವರಿಯಲ್ಲಿ ಟಿಕೆಟ್ ಬೆಲೆಯೂ ಕಡಿಮೆ ಇರುತ್ತೆ.

ಇಂಗ್ಲೆಂಡ್, ಊರು ಮದ್ದೂರು

ತಂಗಿ, ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷ. ಒಂದು ಪ್ರೈಮರಿ ಶಾಲೆಯಲ್ಲಿ ಮಧ್ಯಾಹ್ನ ಮಕ್ಕಳಿಗೆ ಊಟ ಕೊಡಿಸುವ, ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಕಂಡಿದ್ದು ಹೇಳುತ್ತೇನೆ.

ಏಪ್ರಿಲ್ 10 ಮುಗಿಸಿಕೊಂಡೇ ಬನ್ನಿ. ಇಲ್ಲಿ ಶಾಲೆಯ ವರ್ಷ ಸೆಪ್ಟೆಂಬರಿನಲ್ಲಿ ಶುರುವಾಗಿ ಜುಲೈ ಮೂರನೇ ವಾರದ ಹೊತ್ತಿಗೆ ಮುಗಿಯುತ್ತೆ. ಮಧ್ಯೆ ಈಸ್ಟರಿಗೆ ಎರಡು ವಾರ ರಜೆ. ಈ ಸಲ, 2026ರಲ್ಲಿ, ಈಸ್ಟರ್ ಏಪ್ರಿಲ್ 5. ಮೂರನೇ ಟರ್ಮ್ ಶುರುವಾಗೋದೇ ಏಪ್ರಿಲ್ ಮಧ್ಯದಲ್ಲಿ, ಊರಿಂದೂರಿಗೆ ಒಂದು ವಾರ ಆಚೀಚೆ. ನಿಮ್ಮ ಮಗಳು ಅಲ್ಲಿ ರಿಸಲ್ಟ್ ತಗೊಂಡು ಇಲ್ಲಿ ಟರ್ಮಿನ ಆರಂಭಕ್ಕೇ ಕೂರಬಹುದು. ಇಲ್ಲೂ ಆಟೋಟದ ದಿನ, ಪ್ರವಾಸ, ಶಾಲೆಯ ಜಾತ್ರೆ ಎಲ್ಲಾ ಇರೋದು ಜೂನ್, ಜುಲೈನಲ್ಲೇ. ಅವಳಿಗೆ ಒಂದೇ ವರ್ಷದಲ್ಲಿ ಎರಡು ಸಲ ವರ್ಷದ ಕೊನೆ ಸಿಗುತ್ತೆ.

ಕ್ಲಾಸು ವಯಸ್ಸಿನ ಮೇಲೆ. ಆಗಸ್ಟ್ 31ಕ್ಕೆ ಎಷ್ಟು ತುಂಬಿತ್ತು ಅಂತ ನೋಡುತ್ತಾರೆ. ನಿಮ್ಮ ಮಗಳು ಈಗ ಇಯರ್ 4, ಸೆಪ್ಟೆಂಬರಿಗೆ ಇಯರ್ 5. ವರ್ಷದ ಮಧ್ಯೆ ಸೇರುವವರು ಊರಿನ ಕೌನ್ಸಿಲ್‌ಗೆ (ಇಲ್ಲಿನ ಸ್ಥಳೀಯ ಆಡಳಿತ) ಇಲ್ಲವೇ ನೇರ ಶಾಲೆಗೆ ಅರ್ಜಿ ಹಾಕಬೇಕು. ಹದಿನೈದು ಶಾಲಾ ದಿನದೊಳಗೆ ಉತ್ತರ ಕೊಡಲೇಬೇಕು ಅಂತ ನಿಯಮ ಇದೆ. ಪಕ್ಕದ ಶಾಲೆಯೇ ಸಿಗುತ್ತೆ ಅಂತ ಹೇಳೋಕಾಗಲ್ಲ, ಜಾಗ ಇರುವ ಕಡೆ ಕೊಡುತ್ತಾರೆ. ಇದು ಫೆಬ್ರವರಿಯಲ್ಲಿ ಬಂದರೂ ಅಷ್ಟೇ. ಮಗು ಬರುವ ಮೊದಲೇ ಅರ್ಜಿ ತಗೋತಾರಾ ಅಂತ ನಿಮ್ಮನೆಯವರು ಈಗಲೇ ಕೇಳಿಕೊಳ್ಳಲಿ.

ಇಯರ್ 4ರ ಮಕ್ಕಳಿಗೆ ಜೂನಿನಲ್ಲಿ ಕಂಪ್ಯೂಟರಿನಲ್ಲಿ ಮಗ್ಗಿ ಪರೀಕ್ಷೆ ಇರುತ್ತೆ. 25 ಪ್ರಶ್ನೆ, ಒಂದೊಂದಕ್ಕೂ 6 ಸೆಕೆಂಡ್, ಹನ್ನೆರಡರ ಮಗ್ಗಿವರೆಗೆ. ಪಾಸು ಫೇಲು ಇಲ್ಲ. ನಿಂಬೆಹಣ್ಣಿಗೆ ಚಿಲ್ಲರೆ ಕೊಟ್ಟವಳಿಗೆ ಇದೇನೂ ಕಷ್ಟವಲ್ಲ. ಅಂಕಿಗಳನ್ನು ಇಂಗ್ಲಿಷಿನಲ್ಲಿ ಹೇಳಿಸಿ, ಸಾಕು.

ನಿಜವಾಗಿ ಅವಸರ ಇರೋದು ಮಗನದು. ನಾಲ್ಕು ತುಂಬಿದೆ ಅಂದರೆ ಬರುವ ಸೆಪ್ಟೆಂಬರಿಗೆ ರಿಸೆಪ್ಷನ್ ಕ್ಲಾಸು, ಇಯರ್ 1ಕ್ಕೂ ಮುಂಚಿನ ಮೊದಲ ಕ್ಲಾಸು. ಅದಕ್ಕೆ ಅರ್ಜಿಯ ಕೊನೇ ದಿನ ಜನವರಿ 15, ಅದು ದಾಟಿಹೋಯಿತು. ತಡವಾದ ಅರ್ಜಿ ತಗೋತಾರೆ, ಆದರೆ ಸಮಯಕ್ಕೆ ಹಾಕಿದವರಿಗೆ ಮೊದಲು ಹಂಚುತ್ತಾರೆ. ಏಪ್ರಿಲ್ 16ಕ್ಕೆ ಯಾರಿಗೆ ಯಾವ ಶಾಲೆ ಅಂತ ತಿಳಿಸುತ್ತಾರೆ. ರಿಸೆಪ್ಷನ್‌ನಿಂದ ಇಯರ್ 2ರವರೆಗೆ ಒಬ್ಬ ಟೀಚರಿಗೆ 30 ಮಕ್ಕಳು ಅಂತ ಮಿತಿ ಇದೆ. ಕ್ಲಾಸು ತುಂಬಿದರೆ ಆ ಶಾಲೆ ಸಿಗೋದು ಕಷ್ಟ. ಇವತ್ತೇ ಕೌನ್ಸಿಲ್‌ಗೆ ಫೋನ್ ಮಾಡಿಸಿ.

ನ್ಯೂಜೆರ್ಸಿ, ಊರು ಮೈಸೂರು ಚಾಮರಾಜಪುರಂ

ನೋಡಮ್ಮ, ಈಗ ಬರೋದಾ ಏಪ್ರಿಲಿನಲ್ಲಿ ಬರೋದಾ ಅನ್ನೋದು ಪ್ರಶ್ನೆಯೇ ಅಲ್ಲ. ಮಗಳನ್ನು ಕರೆದುಕೊಂಡು ಹೋಗಲೇಬೇಡ. ಅಜ್ಜಿ ಮನೆಯಲ್ಲಿ ಬಿಡು. ಎಸ್ಸೆಸ್ಸೆಲ್ಸಿ ಮುಗಿಯಲಿ, ಆಮೇಲೆ ಎಲ್ಲಿಗಾದರೂ ಹೋಗಲಿ.

ನಾನು ಇಲ್ಲಿಗೆ ಬಂದಿದ್ದು 1991ರಲ್ಲಿ. ಇಬ್ಬರು ಗಂಡುಮಕ್ಕಳು. ಒಳ್ಳೆಯ ಶಾಲೆ, ಒಳ್ಳೆಯ ಕಾಲೇಜು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಮನೆಯಲ್ಲಿ ಕನ್ನಡ ಮಾತಾಡಿದರೆ ಇಂಗ್ಲಿಷ್ ಕೆಡುತ್ತೆ ಅಂತ ಆಗ ನಮಗೆ ಯಾರೋ ಹೇಳಿದರು, ನಾವು ನಂಬಿದೆವು. 2009ರಲ್ಲಿ ನಮ್ಮ ತಾಯಿ ಹಾಸಿಗೆ ಹಿಡಿದರು. ಎಲ್ಲರೂ ಹೋದೆವು. ಅಮ್ಮ ನನ್ನ ದೊಡ್ಡ ಮಗನ ಕೈ ಹಿಡಿದುಕೊಂಡು, "ಊಟ ಮಾಡಿದೆಯಾ ಕಂದ" ಅಂದರು. ಅವನು ನನ್ನ ಮುಖ ನೋಡಿದ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಅದನ್ನು ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಜ್ಜಿ ಮೊಮ್ಮಗನ ನಡುವೆ ನಾನು ದುಭಾಷಿ. ಆ ಹತ್ತು ದಿನ ಹಾಗೇ ಕಳೆಯಿತು.

ನಿನ್ನ ಮಗಳು ನುಗ್ಗೆಸೊಪ್ಪು ಮಾರುತ್ತಾಳೆ, ಕೋಲಾಟ ಆಡುತ್ತಾಳೆ. ಇದನ್ನು ಬಿಡಿಸಿ ಏನು ಕೊಡುತ್ತೀಯಮ್ಮ ಅಲ್ಲಿ? ಕೈಮುಗಿದು ಕೇಳುತ್ತೇನೆ, ಬಿಟ್ಟುಹೋಗು.

ಮೆಲ್ಬರ್ನ್, ಊರು ಪಾಂಡವಪುರ

ಸರ್, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಇದು ಬಹಳ ತಪ್ಪು ಸಲಹೆ. ನೀವು ಹೇಳಿದ ಹಾಗೆ ಬೆಳೆದವನು ನಾನು. ಅಪ್ಪ ಅಮ್ಮ ಮಸ್ಕತ್‌ನಲ್ಲಿ, ನಾನು ಅಜ್ಜಿ ಮನೆಯಲ್ಲಿ. ಶಾಲೆಯಲ್ಲಿ ಓಟದ ಸ್ಪರ್ಧೆಯಲ್ಲಿ ಸ್ಟೀಲ್ ಡಬ್ಬಿ ಬಹುಮಾನ ಬಂತು. ಎಲ್ಲಾ ಮಕ್ಕಳೂ ಅಪ್ಪನಿಗೆ ತೋರಿಸೋಕೆ ಓಡಿದರು. ನಾನು ಅದನ್ನು ಎರಡು ವರ್ಷ ಬೀರುವಿನಲ್ಲಿಟ್ಟು ಕಾದೆ. ನನಗೆ ಕನ್ನಡ ಚೆನ್ನಾಗಿ ಬರುತ್ತೆ, ಸರ್. ಅಪ್ಪನ ಹತ್ತಿರ ಕೂತು ಏನು ಮಾತಾಡಬೇಕು ಅಂತ ಇವತ್ತಿಗೂ ತಿಳಿಯಲ್ಲ.

ಅಕ್ಕ, ಮಗಳನ್ನು ಅವಳ ಅಪ್ಪನ ಹತ್ತಿರ ಕರೆದುಕೊಂಡು ಹೋಗಿ.

ನ್ಯೂಜೆರ್ಸಿ, ಊರು ಮೈಸೂರು ಚಾಮರಾಜಪುರಂ

ಅಪ್ಪನನ್ನು ವಿಡಿಯೋ ಕಾಲಿನಲ್ಲಿ ದಿನಾ ನೋಡಬಹುದಪ್ಪ, ಈಗ ಕಾಲ ಬೇರೆ. ಭಾಷೆ ಹೋದರೆ ಯಾವ ಕಾಲಿನಲ್ಲೂ ಬರಲ್ಲ. ಹತ್ತನೇ ಕ್ಲಾಸುವರೆಗೆ ಅಲ್ಲೇ ಇರಬೇಕು. ನನ್ನ ಮಾತು ಬದಲಾಗಲ್ಲ.

ಸಿಂಗಪುರ, ಊರು ನಾಗಮಂಗಲ

ಭಾಷೆ ಹೋಗುತ್ತೆ ಅನ್ನೋದು ನಮ್ಮ ಮನೆಯಲ್ಲಿ ಸುಳ್ಳಾಗಿದೆ. ನನ್ನ ಮಗಳು ಇಲ್ಲೇ ಹುಟ್ಟಿದವಳು. ಮನೆ ಬಾಗಿಲು ದಾಟಿ ಒಳಗೆ ಬಂದರೆ ಕನ್ನಡವೇ, ಅದು ನಮ್ಮ ಒಂದೇ ಕಟ್ಟುಪಾಡು. ಕಳೆದ ರಾಜ್ಯೋತ್ಸವದಲ್ಲಿ ವೇದಿಕೆ ಮೇಲೆ ನಿಂತು ಐದು ನಿಮಿಷ ಚೀಟಿ ನೋಡದೆ ಮಾತಾಡಿದಳು. ನಾಗಮಂಗಲದಿಂದ ನಮ್ಮತ್ತೆ ವಿಡಿಯೋ ನೋಡಿ ಅತ್ತರು. ಮನಸ್ಸು ಮಾಡಿದರೆ ಎಲ್ಲಿದ್ದರೂ ಆಗುತ್ತೆ.

ಇಂಗ್ಲೆಂಡ್, ಊರು ಮೈಸೂರು ಕುವೆಂಪುನಗರ

ಒಂದು ಮಾತು ಎಲ್ಲರೂ ತಿಳಿದಿರಲಿ. ಒಮ್ಮೆ ಇಲ್ಲಿ ಸೇರಿಸಿದ ಮೇಲೆ ನಮ್ಮೂರ ಹಾಗೆ ಹಬ್ಬ, ಮದುವೆ ಅಂತ ರಜೆ ಹಾಕಿಸೋಕಾಗಲ್ಲ. ದಸರಾ ತೋರಿಸೋಣ ಅಂತ ಟರ್ಮಿನ ಮಧ್ಯೆ ಹತ್ತು ದಿನ ಮೈಸೂರಿಗೆ ಕರೆದುಕೊಂಡು ಹೋಗಿದ್ದೆವು. ವಾಪಸ್ ಬಂದಾಗ ದಂಡದ ಕಾಗದ ಬಂದಿತ್ತು. ಒಂದು ಮಗುವಿಗೆ ಅಪ್ಪನಿಗೆ 80 ಪೌಂಡ್, ಅಮ್ಮನಿಗೆ 80 ಪೌಂಡ್. 21 ದಿನದಲ್ಲಿ ಕಟ್ಟದಿದ್ದರೆ ತಲೆಗೆ 160. ನಮಗೆ ಎರಡು ಮಕ್ಕಳು, ಲೆಕ್ಕ ಹಾಕಿಕೊಳ್ಳಿ. ಆದರೂ ಜಂಬೂಸವಾರಿ ನೋಡುವಾಗ ಮಗ ನನ್ನ ಹೆಗಲ ಮೇಲೆ ಕೂತಿದ್ದ, ಅದನ್ನು ನೆನೆದರೆ ಬೇಜಾರಿಲ್ಲ.

ಲಂಡನ್, ಊರು ಮಳವಳ್ಳಿ

ಅದಕ್ಕೇ ನಾನು ಹೇಳಿದ್ದು, ಬೇಗ ಬಂದು ಇಲ್ಲಿನ ಪದ್ಧತಿಗೆ ಹೊಂದಿಕೊಳ್ಳಲಿ ಅಂತ.

ಟೊರಾಂಟೊ, ಮಗಳ ಮನೆಯಲ್ಲಿ, ಊರು ಕೆ.ಆರ್.ಪೇಟೆ

ನಾನು 34 ವರ್ಷ ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದೆ. ನಿವೃತ್ತಿಯಾಗಿ ಈಗ ಮಗಳ ಜೊತೆ ಇದ್ದೇನೆ.

ಕೋಲಾಟದ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಕೊಡುತ್ತೇನೆ. ವಾರ್ಷಿಕೋತ್ಸವಕ್ಕೆ ನಾವು ಮಕ್ಕಳನ್ನು ಜೋಡಿ ಮಾಡುವಾಗ ಎತ್ತರ ನೋಡುತ್ತೇವೆ, ಕೈವೇಗ ನೋಡುತ್ತೇವೆ. ಒಂದು ತಿಂಗಳು ಸಂಜೆ ನಾಲ್ಕರ ಮೇಲೆ ಅಭ್ಯಾಸ. ಒಂದು ಮಗು ಬಿಟ್ಟರೆ ಒಂದು ಜೋಡಿ ಹೋಗುವುದಷ್ಟೇ ಅಲ್ಲ, ಸುತ್ತು ತಿರುಗುವಾಗ ಮುಂದಿನ ಕೋಲು ಸಿಗದೆ ಎಲ್ಲರದ್ದೂ ತಪ್ಪುತ್ತದೆ. ಕೊನೇ ವಾರದಲ್ಲಿ ಮಗು ಬಿಟ್ಟಾಗ ನಾನೇ ಸೀರೆ ಸೆರಗು ಸಿಕ್ಕಿಸಿಕೊಂಡು ಸಾಲಿನಲ್ಲಿ ನಿಂತಿದ್ದೇನೆ. ಆ ಜೋಡಿ ಮಗು ನನ್ನ ಜೊತೆ ಆಡಿತು, ಆದರೆ ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ.

ಆಮೇಲೆ ಇನ್ನೊಂದು. ನಮ್ಮ ಶಾಲೆಯಲ್ಲಿ ಕಲಿತವರು ಅಲ್ಲಿ ಹಿಂದೆ ಬೀಳುತ್ತಾರೆ ಅಂತ ಹೆದರಬೇಡಿ. ಮೂರನೇ ಕ್ಲಾಸಿನವರೆಗೆ ನಿಮ್ಮ ಮಗಳು ಕಲಿತಿರುವುದು ನಲಿಕಲಿಯಲ್ಲಿ. ಅದು 1995ರಲ್ಲಿ ಶುರುವಾಗಿದ್ದು ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ.ಕೋಟೆ ತಾಲ್ಲೂಕಿನಲ್ಲೇ. ಗುಂಪಿನಲ್ಲಿ ಕೂತು, ಕಾರ್ಡು ಹಿಡಿದು, ತನ್ನ ವೇಗದಲ್ಲಿ ಕಲಿಯುವ ಪದ್ಧತಿ. ಇಲ್ಲಿ ಮೊಮ್ಮಗನ ಶಾಲೆಗೆ ಹೋದಾಗ ನೋಡಿದೆ, ಇವರೂ ಮಕ್ಕಳನ್ನು ಗುಂಪಾಗಿ ಕೂರಿಸಿ ಹಾಗೇ ಕಲಿಸುತ್ತಾರೆ.

ಹೊರಡುವ ಮುಂಚೆ ಟಿಸಿ ತಗೊಳ್ಳಿ. ಅಲ್ಲಿ ಕೇಳದಿದ್ದರೂ ನಾಳೆ ವಾಪಸ್ ಬರುವುದಾದರೆ ಬೇಕು. ಪ್ರಗತಿ ಪತ್ರ, ಇಬ್ಬರ ಜನನ ಪ್ರಮಾಣಪತ್ರ, ಚುಚ್ಚುಮದ್ದಿನ ವಿವರ ಇರುವ ತಾಯಿ ಕಾರ್ಡ್ ಇಟ್ಟುಕೊಳ್ಳಿ. ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಎಸ್‌ಎಟಿಎಸ್ ನಂಬರ್ ಬರೆದಿಟ್ಟುಕೊಳ್ಳಿ.

ನ್ಯೂಜೆರ್ಸಿ, ಊರು ಮೈಸೂರು ಚಾಮರಾಜಪುರಂ

ಟೀಚರ್, ನೀವೇ ಹೇಳಿದಿರಿ ನಮ್ಮ ಶಾಲೆ ಒಳ್ಳೆಯದು ಅಂತ. ಹಾಗಿದ್ದ ಮೇಲೆ ಯಾಕೆ ಬಿಡಿಸಬೇಕು?

ಮೆಲ್ಬರ್ನ್, ಊರು ಪಾಂಡವಪುರ

ಸರ್, ಅಪ್ಪ ಅಲ್ಲಿರುವುದರಿಂದ.

ಇಂಗ್ಲೆಂಡ್, ಊರು ಮದ್ದೂರು

ಎಲ್ಲರೂ ಮಗಳ ಬಗ್ಗೆಯೇ ಮಾತಾಡುತ್ತಿದ್ದೀರಿ. ತಂಗಿ, ಮಗನ ಅರ್ಜಿ ವಿಷಯ ಓದಿದೆಯಾ? ಜನವರಿ 15 ದಾಟಿದೆ. ಬೇರೆ ಏನು ಬಿಟ್ಟರೂ ಅದನ್ನು ಬಿಡಬೇಡ.

ಮಂಡ್ಯದಿಂದ, ಹೊರಡುವ ತಯಾರಿಯಲ್ಲಿ

ಎಲ್ಲರದ್ದೂ ಎರಡೆರಡು ಸಲ ಓದಿದೆ. ನ್ಯೂಜೆರ್ಸಿ ಸರ್, ನೀವು ನಿಮ್ಮ ಅಮ್ಮನ ಬಗ್ಗೆ ಬರೆದದ್ದನ್ನು ನಮ್ಮತ್ತೆಗೆ ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ, ಎದ್ದು ಒಳಗೆ ಹೋದರು. ಮಗಳನ್ನು ಬಿಟ್ಟು ಹೋಗಲು ನನ್ನಿಂದ ಆಗಲ್ಲ ಸರ್, ಬೇಜಾರು ಮಾಡಿಕೊಳ್ಳಬೇಡಿ. ದಿನಾ ರಾತ್ರಿ ಅತ್ತೆಗೆ ಫೋನ್ ಮಾಡಿ ಶಾಲೆಯಲ್ಲಿ ಏನಾಯಿತು ಅಂತ ಕನ್ನಡದಲ್ಲೇ ಹೇಳಬೇಕು ಅಂತ ಅವಳ ಹತ್ತಿರ ಮಾತು ತಗೊಂಡಿದ್ದೇನೆ.

ಮದ್ದೂರಕ್ಕ, ಈಸ್ಟರ್ ರಜೆಯ ಲೆಕ್ಕ ಅವರಿಗೆ ಹೇಳಿದೆ. ಕ್ಯಾಲೆಂಡರ್ ನೋಡಿ ಅವರೇ ಒಪ್ಪಿದರು. ಏಪ್ರಿಲ್ 12ಕ್ಕೆ ಟಿಕೆಟ್ ನೋಡುತ್ತಿದ್ದಾರೆ. ಮಗನ ಅರ್ಜಿಗೆ ಇವತ್ತು ಕೌನ್ಸಿಲ್‌ಗೆ ಫೋನ್ ಮಾಡಿದ್ದರು, ತಡವಾದ ಅರ್ಜಿ ತಗೋತಾರಂತೆ. ಮನೆಯ ಬಾಡಿಗೆ ಕರಾರು ಕೇಳಿದ್ದಾರೆ.

ಟೀಚರ್, ಕೋಲಾಟದ ಸುದ್ದಿ ಹೇಳಿದ ತಕ್ಷಣ ಮಗಳು ಚಪ್ಪಲಿನೂ ಹಾಕದೆ ಪಕ್ಕದ ಬೀದಿಗೆ ಓಡಿದಳು. ಇಬ್ಬರೂ ಕತ್ತಲಾಗುವವರೆಗೆ ನಮ್ಮ ಜಗಲಿ ಮುಂದೆ ಅಭ್ಯಾಸ ಮಾಡಿದರು.

ಇನ್ನೊಂದು ಸಣ್ಣ ಪ್ರಶ್ನೆ. ಇಲ್ಲಿ ಸರ್ಕಾರದಿಂದ ಕೊಟ್ಟ ಕಪ್ಪು ಶೂ, ಬಿಳಿ ಸಾಕ್ಸ್ ಇದೆ. ಶೂ ಇನ್ನೂ ಹೊಸದಾಗಿದೆ. ಅದನ್ನೇ ತರಬಹುದಾ, ಅಲ್ಲಿ ಬೇರೆ ಬೇಕಾ?

ಇಂಗ್ಲೆಂಡ್, ಊರು ಮದ್ದೂರು

ತಗೊಂಡು ಬಾ. ಸಾಮಾನ್ಯವಾಗಿ ಇಲ್ಲೂ ಕಪ್ಪು ಶೂನೇ. ಬೂದು ಬಣ್ಣದ ಲಂಗ, ಬಿಳಿ ಶರ್ಟು ಇಲ್ಲಿ ಸೂಪರ್‌ಮಾರ್ಕೆಟಿನಲ್ಲೇ ಕಡಿಮೆ ಬೆಲೆಗೆ ಸಿಗುತ್ತೆ, ಅಲ್ಲಿಂದ ಹೊಲಿಸಿಕೊಂಡು ಬರಬೇಡ. ಏಪ್ರಿಲಿನಲ್ಲೂ ಚಳಿ ಇರುತ್ತೆ, ಇಬ್ಬರಿಗೂ ಒಂದೊಂದು ದಪ್ಪ ಸ್ವೆಟರ್ ಕೈಚೀಲದಲ್ಲಿ ಇಟ್ಟುಕೋ. ಕೋಲು ಇದ್ದರೆ ಅದನ್ನೂ ಪೆಟ್ಟಿಗೆಯಲ್ಲಿ ಹಾಕಿಕೋ, ಜುಲೈನಲ್ಲಿ ಶಾಲೆಯ ಜಾತ್ರೆ ಇರುತ್ತೆ.